ಹತ್ತನೇತ್ತ ಮುಗಿದ ಮ್ಯಾಲ ಏನ್ರಿ?

ಇಳಕಲ್ಲಿನ ಒಂದು ಮಗ್ಗದ ಮನೆ. ಮಾತಾಡುವವರಲ್ಲಿ ಒಬ್ಬರು ಸೀರೆ ನೇಯುವವರು. ಅವರ ಮಗಳು ಹತ್ತನೇ ತರಗತಿಯಲ್ಲಿ ಓದುತ್ತಾಳೆ, ಶಾಲೆಯ ಕಬಡ್ಡಿ ತಂಡದ ರೇಡರ್. ಇನ್ನೊಬ್ಬರು ಅವಳ ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕಿ, ಬಾದಾಮಿ ಕಡೆಯವರು.

ನೇಕಾರ: ಬರ್ರಿ ಅಕ್ಕೋರ, ಕುಂದರ್ರಿ. ನೀವು ಯಾಕ ಬಂದೀರಿ ಅನ್ನೂದು ಗೊತ್ತೈತಿ. ತಾಲ್ಲೂಕಿನ್ಯಾಗ ಗೆದ್ದಾಳ, ನಮಗೂ ಸಂತೋಷ ಆಗೇತಿ. ಜಿಲ್ಲಾ ಮಟ್ಟಕ್ಕ ನವನಗರಕ್ಕ ಕಳಸ್ರಿ ಅಂದ್ರ ಕಳಸ್ತೀನಿ. ಆದ್ರ ಪಿಯುಸಿಗೆ ಕ್ರೀಡಾ ವಸತಿ ನಿಲಯಕ್ಕ ಹಾಕ್ರಿ, ಆಟಾನ ಮುಂದುವರಿಸಲಿ ಅಂತ ಹೇಳಾಕ ಬಂದಿದ್ರ ಒಂದು ಮಾತು ಕೇಳತೀನಿ. ಹತ್ತನೇತ್ತ ಮುಗಿದ ಮ್ಯಾಲ ಈ ಆಟದಿಂದ ಏನ್ರಿ?

ಅಕ್ಕೋರು: ಆ ಪ್ರಶ್ನೆ ಕೇಳಾಕ ನಿಮಗ ಹಕ್ಕೈತಿ ಅಣ್ಣಾರ. ಬಹುಮಾನ ಹಂಚೋ ವೇದಿಕೆ ಮ್ಯಾಲ ನಿಂತವರು ಹೆಣ್ಣುಮಕ್ಕಳ ತಂದೆ-ತಾಯಿಗೆ ಬುದ್ಧಿ ಹೇಳಿ ಹೋಗ್ತಾರ, ಈ ಪ್ರಶ್ನೆಗೆ ಉತ್ತರ ಕೊಡೂದಿಲ್ಲ. ನಾನು ಉತ್ತರ ಕೊಡಾಕ ಬಂದೀನಿ.

ನೇಕಾರ: ಹಂಗಾರ ಹೇಳ್ರಿ. ಮೊನ್ನೆ ಆಕಿ ಮೊಬೈಲಿನ್ಯಾಗ ಒಂದು ಆಟ ತೋರಿಸಿದ್ಳು. ತತ್ತಿ ಆಕಾರದ ಚೆಂಡು. ಹೆಣ್ಣುಮಕ್ಕಳು ಜಿಗದು ಹಿಡಿತಾರ, ಒದಿತಾರ, ಒಬ್ಬರನ್ನೊಬ್ಬರು ತಬ್ಬಿ ನೆಲಕ್ಕ ಕೆಡವತಾರ. ನೋಡಾಕ ಬಂದ ಮಂದಿ ಅಂದ್ರ ಬನಶಂಕರಿ ಜಾತ್ರಿ ಹಂಗ. "ಅಪ್ಪಾ, ಇವರಿಗೆ ಇದ ನೌಕರಿ" ಅಂದ್ಳು. ನನಗ ನಂಬಿಕಿ ಬರಲಿಲ್ಲ.

ಅಕ್ಕೋರು: ಖರೇ ಹೇಳ್ಯಾಳ. ಅದು ಆಸ್ಟ್ರೇಲಿಯಾದ ಫುಟ್‌ಬಾಲ್, ಅವರ ನಾಡಿನ ಸ್ವಂತ ಆಟ. ಮೈದಾನಾನೂ ಕ್ರಿಕೆಟ್ ಮೈದಾನದಂಗ ದುಂಡಗ ಉದ್ದಕ. ಎರಡೂ ತುದಿಗೆ ನಾಕು ನಾಕು ಕಂಬ. ನಡುವಿನ ಎರಡು ಕಂಬದ ನಡುವ ಚೆಂಡು ಒದ್ದರ 6 ಅಂಕ, ಬಾಜೂಕ ಹೋದ್ರ 1. ನೀವು ಕೆಡವತಾರ ಅಂದ್ರಲ್ಲ, ಅದನ್ನ ನೋಡೇ ನಿಮ್ಮ ಮಗಳಿಗೆ ಹಿಡಿಸಿರಬೇಕು. ರೇಡಿಗೆ ಹೋದಾಗ ಸೊಂಟಕ್ಕ ಹಿಡಿಯೋರ ಕೈಯಿಂದ ತಪ್ಪಿಸಿಕೊಳ್ಳೂದು ಆಕಿ ದಿನಾ ಮಾಡೋ ಕೆಲಸ.

ನೇಕಾರ: ಅವರಿಗೆ ಪಗಾರ ಕೊಡೋರು ಯಾರು?

ಅಕ್ಕೋರು: ಲೀಗ್ ನಡಸೋರು, ಕ್ಲಬ್ಬಿನವರು. ಆದ್ರ ಅದು ತಾನಾಗಿ ಬರಲಿಲ್ಲ. ಆ ದೇಶದಾಗ ಹೆಣ್ಣುಮಕ್ಕಳು 1915ರಾಗ ಪರ್ತ್ ಊರಿನ್ಯಾಗ ಈ ಆಟ ಆಡ್ಯಾರ. ಬಟ್ಟಿ ಅಂಗಡಿಯೊಳಗ ದುಡಿಯೋ ಹುಡುಗ್ಯಾರು ತಂಡ ಕಟ್ಟಿದ್ರು. ಅಲ್ಲಿಂದ ನೂರು ವರ್ಷ ಪಗಾರ ಇಲ್ಲದ ಆಡಿದ್ರು. 2017ರ ಫೆಬ್ರುವರಿ 3ಕ್ಕ ಅವರ ರಾಷ್ಟ್ರೀಯ ಲೀಗಿನ ಮೊದಲ ಪಂದ್ಯ ಮೆಲ್ಬರ್ನ್‌ನೊಳಗ ಆತು, ಕಾರ್ಲ್ಟನ್ ಮತ್ತ ಕಾಲಿಂಗ್‌ವುಡ್ ನಡುವ. 24,568 ಮಂದಿ ಒಳಗ ಬಂದ ಮ್ಯಾಲ ಗೇಟ್ ಹಾಕಬೇಕಾತು. ಹೊರಗ ಉಳದವರ ಹತ್ತಿರ ಲೀಗಿನ ಮುಖ್ಯಸ್ಥರು ಹೋಗಿ ಕ್ಷಮಾ ಕೇಳಿದ್ರು. ನೋಡೋರು ಇಲ್ಲ, ಅದಕ್ಕ ಹೆಣ್ಣುಮಕ್ಕಳಿಗೆ ಲೀಗ್ ಇಲ್ಲ ಅಂತ ಅಲ್ಲೀತನಕ ಹೇಳಕೋತ ಬಂದಿದ್ರಲ್ಲ, ಆ ಮಾತು ಒಂದ ರಾತ್ರ್ಯಾಗ ಬಿದ್ದು ಹೋತು.

ನೇಕಾರ: ಒಳ್ಳೇದಾತು. ಆದ್ರ ರೊಕ್ಕದ ಮಾತು ಹೇಳ್ರಿ. ಜನ ನೋಡಿದ್ರ ಹೊಟ್ಟಿ ತುಂಬೂದಿಲ್ಲ. ಇಳಕಲ್ಲ ಸೀರಿ ಹೊಗಳೋರು ಲೋಕದ ತುಂಬ ಅದಾರ, ನಮ್ಮ ಮಜೂರಿ ಎಷ್ಟು ಅಂತ ನಿಮಗ ಗೊತ್ತೈತಿ.

ಅಕ್ಕೋರು: ಅದನ್ನ ಬಿಚ್ಚಿ ಹೇಳತೀನಿ. ಮೊದಲ ವರ್ಷ ಬಹುತೇಕ ಆಟಗಾರ್ತಿಯರಿಗೆ ಇಡೀ ಸೀಜನ್ನಿಗೆ ಸಿಕ್ಕದ್ದು 8,500 ಡಾಲರಿನ ಆಸುಪಾಸು. ಆ ದೇಶದಾಗ ಅದು ಮನಿ ಬಾಡಿಗಿಗೂ ಸಾಲೂದಿಲ್ಲ. ಅದಕ್ಕ ಅವರು ಹಗಲು ನರ್ಸ್, ಟೀಚರ್, ಪೊಲೀಸ್ ಅಂತ ದುಡದು ಸಂಜಿಗೆ ಅಭ್ಯಾಸಕ್ಕ ಬರತಿದ್ರು. ಆಟಗಾರರ ಸಂಘ ಬಿಡದ ಹಟ ಹಿಡಿತು. 2023ರ ಒಪ್ಪಂದದಾಗ ಸರಾಸರಿ ಪಗಾರ 60,000 ಡಾಲರಿಗೆ ಬಂತು, 2027ಕ್ಕ 82,000 ಅಂತ ಬರಕೊಂಡಾರ. ಅದ ಒಪ್ಪಂದದಾಗ ಗಂಡಸರ ಸರಾಸರಿ 2027ಕ್ಕ 5,19,000 ಡಾಲರ್.

ನೇಕಾರ: ಆರು ಪಟ್ಟು ಹೆಚ್ಚು!

ಅಕ್ಕೋರು: ಹೌದ್ರಿ. ಅನ್ಯಾಯ ಅಲ್ಲೂ ಐತಿ. ಆದರೂ ಹತ್ತು ವರ್ಷದಾಗ ಅದು ಹೆಣ್ಣುಮಕ್ಕಳು ಬದುಕಬಹುದಾದ ಕೆಲಸ ಆತು. 8 ತಂಡ ಇದ್ದದ್ದು 18 ಆದವು. ಈಗ ಅಲ್ಲಿ ಎಂಟು ವರ್ಷದ ಹುಡುಗಿ ಚೆಂಡು ಒದ್ದರ, ಆಕಿ ಅವ್ವ-ಅಪ್ಪಗ ಮುಂದಿನ ದಾರಿ ಕಾಣತೈತಿ. ನಿಮಗ ಕಾಣವಲ್ದು. ಇಬ್ಬರಿಗೂ ಮಕ್ಕಳ ಮ್ಯಾಲ ಇರೋ ಅಂತಃಕರಣ ಒಂದ ಅಳತೀದು.

ನೇಕಾರ: ಈ ಮಾತು ನನ್ನ ಹೆಂಡ್ತಿ ಕೇಳಬೇಕಿತ್ತು. ಮಗಳ ಆಟಾ ಬಿಡಸೂ ಪಾಪ ಎಲ್ಲಾ ನನ್ನ ಮ್ಯಾಲ ಹಾಕ್ಯಾಳ.

ಅಕ್ಕೋರು: ಆಟಾ ಬಿಡಸೂ ಮಾತು ಬಂತಂತ ಹೇಳತೀನಿ. ಆ ಲೀಗಿನ ಮೊದಲ ದೊಡ್ಡ ಆಟಗಾರ್ತಿ ಎರಿನ್ ಫಿಲಿಪ್ಸ್. ಅಡಿಲೇಡ್ ಕಡೆಯವಳು. ತಂದೆ ಪೋರ್ಟ್ ಅಡಿಲೇಡ್ ತಂಡದ ಹೆಸರಾದ ಆಟಗಾರ. ಹುಡುಗ ಹುಡುಗ್ಯಾರು ಕೂಡಿ ಆಡೋ ತಂಡದಾಗ ಆಕಿ ಎಲ್ಲಾರಕಿಂತ ಚಲೋ ಆಡತಿದ್ಳು. 13 ವರ್ಷ ತುಂಬಿದ ಮ್ಯಾಲ, ಇನ್ನ ಮ್ಯಾಲ ಹುಡುಗೂರ ಜೋಡಿ ಆಡಾಕ ಬರೂದಿಲ್ಲ ಅಂದ್ರು. ಹುಡುಗ್ಯಾರ ತಂಡ ಇರಲಿಲ್ಲ. ಮುಗೀತು. ಮನ್ಯಾಗ ತಂದೀನ ಆಟಗಾರ, ಊಟಕ್ಕ ಕೊರತಿ ಇಲ್ಲ, ಮೈದಾನ ಐತಿ, ಆದರೂ ಆಕಿ ಆಟ ನಿಂತಿತು. ಯಾಕಂದ್ರ ಆಕಿ ವಯಸ್ಸಿನ ಹುಡುಗಿಗೆ ಅಲ್ಲಿ ತಂಡಾನ ಇರಲಿಲ್ಲ.

ನೇಕಾರ: ಆಮ್ಯಾಲ?

ಅಕ್ಕೋರು: ಬಾಸ್ಕೆಟ್‌ಬಾಲ್ ಹಿಡದಳು. ಅಮೆರಿಕಾದ ಲೀಗಿನ್ಯಾಗ ಎರಡು ಸಲ ಗೆದ್ದ ತಂಡದಾಗ ಇದ್ದಳು, 2008ರ ಬೀಜಿಂಗ್ ಒಲಿಂಪಿಕ್ಸಿನ್ಯಾಗ ಬೆಳ್ಳಿ ತಂದಳು. 2017ರಾಗ ಹೆಣ್ಣುಮಕ್ಕಳ ಫುಟ್‌ಬಾಲ್ ಲೀಗ್ ಶುರುವಾದಾಗ ಆಕಿಗೆ 31 ವರ್ಷ. ತಿರುಗಿ ಬಂದಳು. ಮೊದಲ ವರ್ಷಾನ ಅಡಿಲೇಡ್ ಗೆದ್ದಿತು, ಲೀಗಿನ ಶ್ರೇಷ್ಠ ಆಟಗಾರ್ತಿ ಅಂತ ಆಕೀನ್ನ ಆರಿಸಿದ್ರು. 2019ರಾಗ ಮತ್ತ ಅದ ಪ್ರಶಸ್ತಿ. ಹದಿನೆಂಟು ವರ್ಷ ಬಿಟ್ಟ ಆಟದಾಗ ಇಷ್ಟು ಮಾಡಿದ್ಳು ಅಂದ್ರ, ಬಿಡದ ಆಡಿದ್ರ ಏನ ಮಾಡತಿದ್ಳು ಅನ್ನೂದನ್ನ ನಾನು ಭಾಳ ಸಲ ವಿಚಾರ ಮಾಡೀನಿ. ಹದಿಮೂರಕ್ಕ ಆಟ ಬಿಟ್ಟ ಉಳದ ಹುಡುಗ್ಯಾರಾಗ ಭಾಳ ಮಂದಿ ತಿರುಗಿ ಬರಲಿಲ್ಲ, ಅವರ ಹೆಸರೂ ನಮಗ ಗೊತ್ತಿಲ್ಲ.

ನೇಕಾರ: ನಮ್ಮ ಓಣ್ಯಾಗ ಅಂಥವರು ಮನಿಗೊಬ್ಬರು ಅದಾರ ಅಕ್ಕೋರ. ನನ್ನ ತಂಗಿ ಖೋ ಖೋ ಆಡತಿದ್ಳು. ಏಳನೇತ್ತ ಆದಮ್ಯಾಲ ಕಂಡಿಕಿ ಸುತ್ತಾಕ ಕುಂತಳು.

ಅಕ್ಕೋರು: ಅದ ನಾನು ಹೇಳಾಕತ್ತಿದ್ದು. ನನ್ನ ಹತ್ತಿರ ಎಂಟನೇತ್ತಕ್ಕ ಬರೋ ಹುಡುಗ್ಯಾರಾಗ ಅರ್ಧಾಕರ್ಧ ಓಟದಾಗ ಹುಡುಗೂರನ್ನ ಹಿಂದ ಹಾಕೋರು. ಹತ್ತನೇತ್ತದ ಹೊತ್ತಿಗೆ ಮೈದಾನಕ್ಕ ಬರೋರು ಬೆರಳಲೆ ಎಣಿಸೋವಷ್ಟು. ತಿಂಗಳ ದಿನದಾಗ ಹೋಗಾಕ ಸರಿಯಾದ ಶೌಚಾಲಯ ಇರೂದಿಲ್ಲ, ಬಟ್ಟಿ ಬದಲಸಾಕ ಕೋಣಿ ಇರೂದಿಲ್ಲ. ಸಂಜಿ ಅಭ್ಯಾಸ ಮುಗಿಸಿ ಹಳ್ಳಿಗೆ ಹೋಗಾಕ ಬಸ್ಸಿನ ಚಿಂತಿ. ಶಕ್ತಿ ಯೋಜನೆ 2023ರಾಗ ಬಂದ ಮ್ಯಾಲ ಟಿಕೀಟಿನ ರೊಕ್ಕದ ಮಾತು ತೀರಿತು, ಅದು ನಮ್ಮ ಹುಡುಗ್ಯಾರಿಗೆ ದೊಡ್ಡ ಉಪಕಾರ ಆಗೇತಿ. ಬಸ್ಸು ಹೊತ್ತಿಗೆ ಸರಿಯಾಗಿ ಬರಬೇಕು, ಅಷ್ಟ.

ನೇಕಾರ: ಮಂದಿ ಮಾತು ಬಿಟ್ರಿ ನೀವು. ಚಡ್ಡಿ ಹಾಕ್ಕೊಂಡು ಆಡತಾಳ, ಫೋಟೋ ಮೊಬೈಲಿನ್ಯಾಗ ಬಂತು ಅಂತ ನಮ್ಮ ಮಾಲಕರ ಮನಿತನಕ ಸುದ್ದಿ ಹೋತು. ನನಗ ಅವಮಾನ ಆಗಲಿಲ್ಲ ಅಂತ ಹೇಳಲಾರೆ.

ಅಕ್ಕೋರು: ಇದನ್ನ ಆ ದೇಶದ ಹೆಣ್ಣುಮಕ್ಕಳೂ ಉಂಡಾರ. ಟೇಲಾ ಹ್ಯಾರಿಸ್ ಅಂತ ಕಾರ್ಲ್ಟನ್ ತಂಡದ ಆಟಗಾರ್ತಿ. 2019ರ ಮಾರ್ಚ್‌ದಾಗ ಆಕಿ ಚೆಂಡು ಒದ್ದ ಗಳಿಗಿ ಫೋಟೋ ಬಂತು. ಕಾಲು ಮುಗಿಲಿಗೆ ಎತ್ತಿ, ಮೈ ಎಲ್ಲಾ ಗಾಳ್ಯಾಗ. ಏನ ಚಂದ ಫೋಟೋ! ಅದರ ಕೆಳಗ ಹೊಲಸು ಮಾತು ಬರದ್ರು. ಟಿವಿಯವರು ಹೆದರಿ ಫೋಟೋನ ತಗದು ಹಾಕಿದ್ರು. ಬರದವರನ್ನ ಬಿಟ್ಟು ಆಡಿದವಳನ್ನ ಮುಚ್ಚಿಟ್ಟಿರೇನು ಅಂತ ಇಡೀ ದೇಶ ಎದ್ದು ಕೇಳಿತು. ಫೋಟೋ ತಿರುಗಿ ಬಂತು, ಚಾನೆಲ್ಲಿನವರು ತಪ್ಪಾತು ಅಂದ್ರು. ಅದ ವರ್ಷ ಆ ಒದೆತದ ಕಂಚಿನ ಮೂರ್ತಿ ಮಾಡಿ ಮೆಲ್ಬರ್ನ್ ನಡು ಊರಾಗ ನಿಲ್ಲಿಸಿದ್ರು.

ನೇಕಾರ: ಮೂರ್ತಿ?

ಅಕ್ಕೋರು: ಮೂರ್ತಿ. ಆಕಿ ಇನ್ನೂ ಆಡಾಕತ್ತಿದ್ದಾಗ. ನಿಮ್ಮ ಮಾಲಕರ ಮನ್ಯಾಗ ಈ ಸುದ್ದೀನೂ ಹೇಳ್ರಿ.

ನೇಕಾರ: ಹೇಳತೀನಿ. ಆದ್ರ ಅಕ್ಕೋರ, ಅದು ಆಸ್ಟ್ರೇಲಿಯಾ. ಅಲ್ಲಿ ಸರಕಾರ ಬ್ಯಾರೆ, ರೊಕ್ಕ ಬ್ಯಾರೆ. ನಮ್ಮ ಕಡೆ ಹೆಣ್ಣುಮಗಳು ಆಟದಿಂದ ಮನಿ ನಡಸ್ಯಾಳೇನು? ಅಂಥವರನ್ನ ತೋರಸ್ರಿ.

ಅಕ್ಕೋರು: ವಿಜಯಪುರ ದೂರ ಅಲ್ಲಲ್ರಿ. 1997ರತನಕ ನಾವು ಅವರು ಒಂದ ಜಿಲ್ಲಾದವರು. ರಾಜೇಶ್ವರಿ ಗಾಯಕವಾಡ ಆ ಊರಿನ ಮಗಳು, 1991ರಾಗ ಹುಟ್ಟಿದಕಿ. ತಂದೆ ಸಾಲಿ ಮಾಸ್ತರರು. ಮಕ್ಕಳು ಆಡಲಿ ಅಂತ ಬಿಟ್ಟವರು. ಆಕಿ ಮೊದಲ ಹಿಡದದ್ದು ಅಥ್ಲೆಟಿಕ್ಸ್. ಊರಾಗ ಹುಡುಗ್ಯಾರಿಗೆ ಕ್ರಿಕೆಟ್ ಕಲಸಾಕ ಶುರು ಮಾಡಿದಾಗ ಅಲ್ಲಿ ಹೋದಳು. ಎಡಗೈ ಸ್ಪಿನ್. 2014ರಾಗ ಭಾರತ ತಂಡಕ್ಕ ಬಂದಳು, ಅದ ವರ್ಷ ತಂದೆ ತೀರಿಕೊಂಡ್ರು. ಮನಿ ಭಾರ ಆಕಿ ಹೆಗಲಿಗೆ ಬಂತು.

ನೇಕಾರ: ಹೆಂಗ ತಡಕೊಂಡಳು?

ಅಕ್ಕೋರು: ರೈಲ್ವೆ ನೌಕರಿ ಇತ್ತಲ್ರಿ. ನಮ್ಮ ದೇಶದಾಗ ಹೆಣ್ಣುಮಕ್ಕಳ ಕ್ರಿಕೆಟ್ಟನ್ನ ಲೀಗುಗಳು ಬರೋಮುಂಚೆ ಸಾಕಿ ಸಲಹಿದ್ದು ರೈಲ್ವೆ. ತಿಂಗಳಾ ಪಗಾರ ಬರತೈತಿ, ಅಭ್ಯಾಸಕ್ಕ ಬಿಡುವು ಕೊಡತಾರ. ಅದಕ್ಕ ರಾಷ್ಟ್ರೀಯ ಟ್ರೋಫಿ ಭಾಳ ವರ್ಷ ಅವರ ಹತ್ತಿರಾನ ಇತ್ತು. 2017ರ ವಿಶ್ವಕಪ್ಪಿನ್ಯಾಗ ರಾಜೇಶ್ವರಿ ಇಂಗ್ಲೆಂಡಿನೊಳಗ ಪಂದ್ಯಾಗಟ್ಟಲೆ ಹೊರಗ ಕುಂತಿದ್ಳು. ಜುಲೈ 15ಕ್ಕ ಡರ್ಬಿ ಊರಾಗ ನ್ಯೂಜಿಲೆಂಡ್ ಜೋಡಿ ಗೆದ್ದವರಿಗೆ ಸೆಮಿಫೈನಲ್ ಅನ್ನೋ ಪಂದ್ಯ. ಆಕಿ ಕೈಗೆ ಚೆಂಡು ಕೊಟ್ರು. 15 ರನ್ನಿಗೆ 5 ವಿಕೆಟ್ ತಗದಳು. ನ್ಯೂಜಿಲೆಂಡ್ 79ಕ್ಕ ಮುಗೀತು. ಆ ದಿನ ಕಡೂರಿನ ವೇದಾ ಕೃಷ್ಣಮೂರ್ತಿ 45 ಚೆಂಡಿಗೆ 70 ಹೊಡದಿದ್ಳು. ಕನ್ನಡದ ಹೆಣ್ಣುಮಕ್ಕಳಿಬ್ಬರು ಕೂಡಿ ಭಾರತಾನ ಸೆಮಿಫೈನಲ್ಲಿಗೆ ಒಯ್ದ ದಿನ ಅದು. ನನಗ ಈಗೂ ಮೈ ಜುಮ್ಮ ಅಂತೈತಿ.

ನೇಕಾರ: ಫೈನಲ್ ಸೋತರಲ್ಲ.

ಅಕ್ಕೋರು: ಲಾರ್ಡ್ಸಿನ್ಯಾಗ 9 ರನ್ನಿಗೆ. ಕಡೀ ವಿಕೆಟ್ ರಾಜೇಶ್ವರೀದ. ಆದ್ರ ಊರಿಗೆ ಬಂದ ಮ್ಯಾಲ ಆದದ್ದನ್ನ ಕೇಳ್ರಿ. ಮಂತ್ರಿಗಳು ಆಕಿಗೆ ಕಾರು ಕೊಡತೀನಿ ಅಂದ್ರು. ಆಕಿ, ಕಾರು ಬ್ಯಾಡ, ನಮ್ಮವರು ಇರಾಕ ಒಂದು ಮನಿ ಕೊಡ್ರಿ ಅಂದ್ಳು.

ನೇಕಾರ: ಹೌದೇನ್ರಿ? ಶಾಣ್ಯಾಕಿ. ಕಾರು ತಗೊಂಡು ಎಣ್ಣಿ ಹಾಕಸೋರು ಯಾರು?

ಅಕ್ಕೋರು: ವಿಶ್ವಕಪ್ ಫೈನಲ್ ಆಡಿ ಬಂದ ಹುಡುಗಿಗೆ ಸ್ವಂತ ಮನಿ ಇರಲಿಲ್ಲ ಅನ್ನೂದನ್ನ ನೋಡ್ರಿ. ಆಕಿಗೂ ಮುಂಚಿನವರದು ಇನ್ನೂ ಕಷ್ಟ. ಬೆಂಗಳೂರಿನ ಶಾಂತಾ ರಂಗಸ್ವಾಮಿ 1976ರಾಗ ಭಾರತದ ಹೆಣ್ಣುಮಕ್ಕಳ ಮೊದಲ ಟೆಸ್ಟ್ ತಂಡದ ನಾಯಕಿ. ಅರ್ಜುನ ಪ್ರಶಸ್ತಿ ಪಡದ ಮೊದಲ ಮಹಿಳಾ ಕ್ರಿಕೆಟ್ ಆಟಗಾರ್ತಿ. ಆ ಕಾಲದವರು ರಿಸರ್ವೇಶನ್ ಇಲ್ಲದ ಡಬ್ಬ್ಯಾಗ ಕುಂತು ಊರೂರಿಗೆ ಆಡಾಕ ಹೋದವರು. ಶಾಂತಾ ಅವರ ಬದುಕಿಗೆ ಆಧಾರ ಆದದ್ದು ಕೆನರಾ ಬ್ಯಾಂಕಿನ ನೌಕರಿ. ಅಂದ್ರ ನೋಡ್ರಿ, ಬ್ಯಾಂಕ್, ರೈಲ್ವೆ, ಪೊಲೀಸ್, ಇವು ಕ್ರೀಡಾ ಕೋಟಾದಾಗ ಕೆಲಸ ಕೊಡದ ಇದ್ದಿದ್ರ ನಮ್ಮ ದೇಶದಾಗ ಹೆಣ್ಣುಮಕ್ಕಳ ಆಟಾನ ಉಳೀತಿರಲಿಲ್ಲ.

ನೇಕಾರ: ಈಗ ಕ್ರಿಕೆಟ್ಟಿಗೆ ರೊಕ್ಕ ಬಂದೈತಿ ಅಂತಾರ.

ಅಕ್ಕೋರು: ಬಂದೈತಿ. 2022ರ ಅಕ್ಟೋಬರದಾಗ ಕ್ರಿಕೆಟ್ ಮಂಡಳಿ ಪಂದ್ಯದ ಸಂಭಾವನೆ ಗಂಡಸರಿಗೂ ಹೆಂಗಸರಿಗೂ ಒಂದ ಮಾಡಿತು. ಟೆಸ್ಟಿಗೆ 15 ಲಕ್ಷ, ಒಂದು ದಿನದ ಪಂದ್ಯಕ್ಕ 6 ಲಕ್ಷ, ಟಿ20ಗೆ 3 ಲಕ್ಷ. ವರ್ಷದ ಒಪ್ಪಂದದ ರೊಕ್ಕದಾಗ ಇನ್ನೂ ಭಾಳ ಅಂತರ ಐತಿ. 2023ರಾಗ ಹೆಣ್ಣುಮಕ್ಕಳ ಪ್ರೀಮಿಯರ್ ಲೀಗ್ ಶುರುವಾತು, ಮೊದಲ ಹರಾಜಿನ್ಯಾಗ ಯುಪಿ ತಂಡ ರಾಜೇಶ್ವರೀನ್ನ 40 ಲಕ್ಷಕ್ಕ ತಗೊಂಡಿತು. 2025ರ ನವೆಂಬರ್ 2ಕ್ಕ ಹೆಣ್ಣುಮಕ್ಕಳು ವಿಶ್ವಕಪ್ಪನ್ನೂ ತಂದ್ರು. ಮನಿ ಕೇಳಿದ ದಿನಕ್ಕೂ ಇದಕ್ಕೂ ನಡುವ ಎಂಟು ವರ್ಷ ಅಷ್ಟ.

ಇನ್ನೊಂದು ಹೇಳತೀನಿ, ನಿಮ್ಮ ಮಗಳ ವಿಡಿಯೋಕ್ಕೂ ರಾಜೇಶ್ವರಿಗೂ ಸಂಬಂಧ ಐತಿ. ಮೆಲ್ಬರ್ನ್‌ನ ಎಂಸಿಜಿ ಅಂದ್ರ ಆ ಫುಟ್‌ಬಾಲಿನ ದೊಡ್ಡ ಮೈದಾನ. 2020ರ ಮಾರ್ಚ್ 8, ಮಹಿಳಾ ದಿನ, ಟಿ20 ವಿಶ್ವಕಪ್ ಫೈನಲ್ ಅಲ್ಲಿ ಆತು. 86,174 ಮಂದಿ. ವಿಜಯಪುರದ ಹುಡುಗಿ ಆ ಮಂದಿ ನಡುವ ಬೌಲಿಂಗ್ ಮಾಡಿದ್ಳು. ಆಸ್ಟ್ರೇಲಿಯಾ 184, ನಮ್ಮವರು 99. ಸೋತ್ರು, ಕೆಟ್ಟದಾಗೇ ಸೋತ್ರು. ಆದ್ರ ಆಕಿ ಅಲ್ಲೀತನಕ ಹೋದದ್ದು ನಮ್ಮಂಥ ಬಿಸಲ ನಾಡಿನ ಮೈದಾನದಿಂದ.

ನೇಕಾರ: ಕ್ರಿಕೆಟ್ಟಿನ ಮಾತು ಕೇಳಾಕ ಚಂದ. ನನ್ನ ಮಗಳು ಆಡೂದು ಕಬಡ್ಡಿ. ನೀವು ಎಲ್ಲಿ ಹೋದ್ರೂ ನಾನು ಅಲ್ಲೇ ಬರತೀನಿ.

ಅಕ್ಕೋರು: ಬರಲೇಬೇಕು. ನನಗೂ ನೋವಾಗೋ ಜಾಗ ಅದ. ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ ಹೆಸರು ಕೇಳೀರಿ. ರೈತರ ಮನಿ ಮಗಳು. ಏಷ್ಯನ್ ಕ್ರೀಡಾಕೂಟದಾಗ ಹೆಣ್ಣುಮಕ್ಕಳ ಕಬಡ್ಡಿ ಮೊದಲ ಬಂದದ್ದು 2010ರಾಗ, ಗುವಾಂಗ್‌ಝೌದಾಗ. ಆ ಚಿನ್ನದ ತಂಡದಾಗ ಆಕಿ ಇದ್ದಳು, 2014ರ ಇಂಚಿಯಾನ್ ಚಿನ್ನದಾಗೂ ಇದ್ದಳು. 2012ರಾಗ ಪಟ್ನಾದಾಗ ವಿಶ್ವಕಪ್ ಗೆದ್ದ ತಂಡಕ್ಕ ಆಕೀನ ನಾಯಕಿ. 2014ಕ್ಕ ಅರ್ಜುನ. ಅದ ಎರಡೂ ಏಷ್ಯನ್ ಚಿನ್ನದಾಗ ಬೆಂಗಳೂರಿನ ತೇಜಸ್ವಿನಿ ಬಾಯಿಯೂ ಇದ್ದಳು, ಆಕಿಗೆ 2011ರಾಗ ಅರ್ಜುನ ಬಂತು. ಇವರಕಿಂತ ದೊಡ್ಡ ಆಟಗಾರ್ತಿಯರು ನಮ್ಮ ನಾಡಿನ್ಯಾಗ ಯಾರದಾರ?

ನೇಕಾರ: ಅವರಿಗೆ ಲೀಗ್?

ಅಕ್ಕೋರು: ಗಂಡಸರ ಪ್ರೊ ಕಬಡ್ಡಿ 2014ರಾಗ ಶುರುವಾಗಿ ಮನಿಮನಿ ಟಿವಿಗೆ ಬಂತು. ಹೆಣ್ಣುಮಕ್ಕಳಿಗೆ 2016ರಾಗ ಒಂದು ಸಲ, ಗಂಡಸರ ಪಂದ್ಯದ ಜೋಡಿ, ಮೂರ ತಂಡದ ಲೀಗ್ ಮಾಡಿದ್ರು. ಒಂದು ತಂಡಕ್ಕ ಮಮತಾ ನಾಯಕಿ, ಇನ್ನೊಂದಕ್ಕ ತೇಜಸ್ವಿನಿ. ಇಬ್ಬರೂ ನಮ್ಮವರು. ಅವರಿಬ್ಬರ ತಂಡಾನ ಫೈನಲ್ಲಿಗೆ ಬಂದವು, ತೇಜಸ್ವಿನಿ ತಂಡ 24-23ಕ್ಕ ಗೆದ್ದಿತು. ಒಂದ ಅಂಕದ ಅಂತರ! ಅಂಥಾ ಫೈನಲ್ ಗಂಡಸರಿಗೂ ಅಪರೂಪ. ಮರುವರ್ಷ ಅದನ್ನ ನಡಸಲಿಲ್ಲ. ಆಮ್ಯಾಲ ಸಣ್ಣಪುಟ್ಟ ಲೀಗ್ ಬಂದವು ಹೋದವು, ಪ್ರೊ ಕಬಡ್ಡಿಯಂಗ ವರ್ಷಾ ವರ್ಷಾ ನಿಂತು ನಡಿಯೋದು ಒಂದೂ ಬರಲಿಲ್ಲ. ಮಮತಾನ ಬದುಕಿಗೆ ನೆಲಿ ಕೊಟ್ಟದ್ದು ಮತ್ತ ರೈಲ್ವೆ ನೌಕರಿ.

ನೇಕಾರ: ಹಂಗಾರ ನನ್ನ ಪ್ರಶ್ನೆ ಹಂಗ ಉಳೀತು. ನೋಡ್ರಿ ಅಕ್ಕೋರ, ನಮ್ಮ ಸೀರಿಯೊಳಗ ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಎರಡನ್ನೂ ಒಂದೊಂದ ಎಳಿ ಕೊಂಡಿ ಹಾಕಿ ಕೂಡಸಬೇಕು. ಕೊಂಡಿ ಹಾಕಲಿಲ್ಲಂದ್ರ ಒಡಲು ಎಷ್ಟು ಚಲೋ ಇದ್ರೇನು, ಸೆರಗು ಎಷ್ಟು ರೇಷ್ಮಿ ಇದ್ರೇನು, ಸೀರಿ ಆಗೂದಿಲ್ಲ. ನಿಮ್ಮ ಸಾಲಿ ಆಟ ಒಡಲು. ಮಮತಾನ ಚಿನ್ನ ಸೆರಗು. ನಡುವ ಕೊಂಡಿ ಹಾಕೋರು ಯಾರೂ ಇಲ್ಲ.

ಅಕ್ಕೋರು: ಇದಕ್ಕಿಂತ ಚಂದ ನನಗ ಹೇಳಾಕ ಬರೂದಿಲ್ಲ. ಆ ಕೊಂಡಿ ಅಂದ್ರ ಹದಿಮೂರರಿಂದ ಇಪ್ಪತ್ತೊಂದರ ತನಕದ ವರ್ಷ. ಆ ವರ್ಷದಾಗ ಹುಡುಗಿ ಎಲ್ಲಿ ಆಡತಾಳ, ಏನು ಉಣತಾಳ, ಮೊಣಕಾಲ ಉಳಕಿದ್ರ ಯಾರು ನೋಡತಾರ, ಇವೆಲ್ಲಾ ಯಾರರ ಹೊರಬೇಕು. ನೀವು ಒಬ್ಬರ ಹೊರಾಕ ಆಗೂದಿಲ್ಲ. ಅದಕ್ಕ ನಾನು ವಸತಿ ನಿಲಯದ ಮಾತು ಎತ್ತಿದ್ದು. ಅಲ್ಲಿ ಊಟ, ವಸತಿ, ತರಬೇತಿ ಇಲಾಖೆದು. ಕಾಲೇಜಿಗೂ ಹೋಗತಾಳ. ನಮ್ಮ ಎರಡೂ ಜಿಲ್ಲಾದ ಹಳ್ಳಿ ಹುಡುಗ್ಯಾರು ಸೈಕಲ್ ರೇಸಿನ್ಯಾಗ ರಾಷ್ಟ್ರ ಮಟ್ಟದ ಪದಕ ತಂದಾರಲ್ಲ, ಹೊಲದಾಗ ದುಡಿಯೋರ ಮಕ್ಕಳು. ಹಾಸ್ಟೆಲ್ಲು, ತರಬೇತುದಾರರು, ಹೊಟ್ಟಿ ತುಂಬ ಊಟ ಸಿಕ್ಕದ್ದಕ್ಕ ಅಷ್ಟು ದೂರ ಹೋದರು. ನಮ್ಮ ಹುಡುಗ್ಯಾರ ಕಾಲಿನ್ಯಾಗ ಬಲ ಇಲ್ಲ ಅನ್ನೋರು ಯಾರೂ ಇಲ್ಲ.

ನೇಕಾರ: ಮೊಣಕಾಲ ಅಂದ್ರಿ. ಅದ ನನಗ ಖರೇ ಅಂಜಿಕಿ. ಕಾಲ ಮುರದ್ರ ಲಗ್ನದ ಮಾತು ಹೆಂಗ? ಆಪರೇಶನ್ ಅಂದ್ರ ಮಗ್ಗಾನ ಮಾರಬೇಕು.

ಅಕ್ಕೋರು: ಅಂಜಿಕಿ ಸುಳ್ಳಲ್ಲ. ಓಡಿ ಬಂದು ಗಕ್ಕನ ತಿರುಗೋ ಆಟದಾಗ ಮೊಣಕಾಲಿನ ಒಳಗಿನ ನಾರು ಹರಿಯೂದು ಹುಡುಗೂರಕಿಂತ ಹುಡುಗ್ಯಾರಿಗೆ ಹೆಚ್ಚು. ಎರಿನ್ ಫಿಲಿಪ್ಸ್‌ಗೂ ಅದ ಆತು. 2019ರ ಫೈನಲ್, ಅಡಿಲೇಡಿನ ಮೈದಾನ, 53,034 ಮಂದಿ. ನಡು ಆಟದಾಗ ಮೊಣಕಾಲ ಹೋತು. ಸ್ಟ್ರೆಚರ್ ಮ್ಯಾಲ ಹೊರಗ ಒಯ್ಯುವಾಗ ಇಡೀ ಮೈದಾನ ಎದ್ದು ನಿಂತು ಚಪ್ಪಾಳೆ ಹೊಡೀತು. ತಂಡ ಗೆದ್ದಿತು, ಆ ದಿನದ ಶ್ರೇಷ್ಠ ಆಟಗಾರ್ತಿಯೂ ಆಕೀನ. ಆಕಿಗೆ ಕ್ಲಬ್ಬಿನ ಡಾಕ್ಟರಿದ್ರು, ಆಪರೇಶನ್ ಆತು, ತಿಂಗಳುಗಟ್ಟಲೆ ವ್ಯಾಯಾಮ ಮಾಡಿಸಿದ್ರು. ತಿರುಗಿ ಬಂದು 2022ರಾಗ ಮೂರನೇ ಸಲ ಕಪ್ ಎತ್ತಿದ್ಳು.

ನೇಕಾರ: ನಮ್ಮ ಹುಡುಗಿಗೆ ಕ್ಲಬ್ಬಿನ ಡಾಕ್ಟರ್ ಎಲ್ಲಿಂದ ಬರಬೇಕು?

ಅಕ್ಕೋರು: ಬರೂದಿಲ್ಲ, ಅದಕ್ಕ ಮುಂಚೇನ ಕಾಯಬೇಕು. ಆಟದ ಮೊದಲ ಹದಿನೈದು ಇಪ್ಪತ್ತು ನಿಮಿಷ ಜಿಗದು ಇಳಿಯೂದು, ಒಂಟಿ ಕಾಲಲೆ ನಿಲ್ಲೂದು, ತೊಡಿ ಹಿಂದಿನ ಸ್ನಾಯು ಗಟ್ಟಿ ಮಾಡೂದು, ಇವನ್ನ ಸರಿಯಾಗಿ ಕಲಿಸಿದ್ರ ಮೊಣಕಾಲಿನ ಪೆಟ್ಟು ಎಷ್ಟೋ ಕಡಿಮಿ ಆಗತಾವ. ಇದಕ್ಕ ಒಂದು ಪೈಸಾ ಖರ್ಚಿಲ್ಲ. ನನ್ನ ಹುಡುಗ್ಯಾರಿಗೆ ನಾನು ಇದನ್ನ ಬಿಡದ ಮಾಡಸ್ತೀನಿ, ಅವರಿಗೆ ಬ್ಯಾಸರ ಆದ್ರೂ ಬಿಡೂದಿಲ್ಲ. ಇನ್ನೊಂದು, ಸಾಲ್ಯಾಗ ನಾವು ಮಣ್ಣಿನ ಮ್ಯಾಲ ಬರಿಗಾಲಲೆ ಆಡತೀವಿ, ರಾಜ್ಯ ಮಟ್ಟಕ್ಕ ಹೋದ್ರ ಮ್ಯಾಟ್ ಮ್ಯಾಲ ಶೂ ಹಾಕಿ ಆಡಬೇಕು. ಕಾಲಿಗೆ ರೂಢಿ ಇರದ ಅಲ್ಲಿ ಬೀಳತಾರ. ತಾಲ್ಲೂಕಿಗೊಂದು ಮ್ಯಾಟ್ ಇದ್ದಿದ್ರ ಎಷ್ಟು ಮೊಣಕಾಲ ಉಳೀತಿದ್ದವು!

ನೇಕಾರ: ನೀವು ಯಾಕ ಬಿಟ್ರಿ ಅಕ್ಕೋರ? ನೀವೂ ಆಡತಿದ್ರಿ ಅಂತ ಹುಡುಗಿ ಹೇಳತಿದ್ಳು.

ಅಕ್ಕೋರು: ವಿಜಯಪುರದ ಮಹಿಳಾ ವಿಶ್ವವಿದ್ಯಾಲಯದಾಗ ಓದುವಾಗ ಆಡತಿದ್ದೆ. ಲಗ್ನ ಆತು, ಮೈದಾನ ದೂರ ಆತು. ಬಿ.ಪಿ.ಎಡ್. ಮಾಡಿದ್ದಕ್ಕ ಈ ನೌಕರಿ ಸಿಕ್ಕಿತು, ತಿರುಗಿ ಮೈದಾನಕ್ಕ ಬಂದೆ. ನಿಮ್ಮ ಪ್ರಶ್ನೆಗೆ ಒಂದು ಉತ್ತರ ಇದೂ ಐತ್ರಿ. ಭಾರತಕ್ಕ ಆಡೋರು ಹನ್ನೆರಡು ಹದಿನಾಕು ಮಂದಿ. ಆದ್ರ ಆಟ ಗೊತ್ತಿದ್ದವರಿಗೆ ಪೊಲೀಸ್ ಐತಿ, ರೈಲ್ವೆ ಐತಿ, ಸಾಲಿ ಐತಿ, ತರಬೇತಿ ಕೊಡೋ ಕೆಲಸ ಐತಿ, ರೆಫರಿ ಕೆಲಸ ಐತಿ. ಡಿಗ್ರಿ ಕೈಯಾಗ ಇರಬೇಕು, ಆಟದ ಸರ್ಟಿಫಿಕೇಟೂ ಇರಬೇಕು. ಎರಡೂ ಕೂಡಿ ಬರೂದು ಹಾಸ್ಟೆಲ್ಲಿನ್ಯಾಗ. ಹತ್ತನೇತ್ತಕ್ಕ ಬಿಡಿಸಿ ಕುಂದರಿಸಿದ್ರ ಒಂದೂ ಬರೂದಿಲ್ಲ.

ನೇಕಾರ: ಓದು ಬಿಡೂದಿಲ್ಲ ಅಂತ ನೀವು ಮಾತು ಕೊಡತೀರಿ?

ಅಕ್ಕೋರು: ಕೊಡತೀನಿ. ಮಾರ್ಕ್ಸ್ ಇಳದ್ರ ನಾನ ಆಟ ನಿಲ್ಲಿಸಿ ಓದಾಕ ಕುಂದರಸ್ತೀನಿ. ನೀವೊಂದು ಮಾತು ಕೊಡ್ರಿ. ಆಕಿಗೆ 21 ಆಗೂತನಕ ಲಗ್ನದ ಮಾತು ಎತ್ತಬ್ಯಾಡ್ರಿ.

ನೇಕಾರ: ಆತು ಬಿಡ್ರಿ. ಆಕಿ ಅವ್ವನ ಜೋಡಿ ನಾನು ಮಾತಾಡತೀನಿ. ಕಂಡಿಕಿ ಸುತ್ತಾಕ ನಮ್ಮವ್ವ ಅದಾಳ, ನಡೀತೈತಿ. ನವನಗರಕ್ಕ ಆಕಿ ಜೋಡಿ ನಾನ ಬರತೀನಿ, ಒಂದಿನ ಮಗ್ಗ ನಿಂತ್ರ ನಿಲ್ಲಲಿ. ಮಗಳು ಆಡೂದನ್ನ ಪೂರಾ ಒಂದು ಪಂದ್ಯ ನಾನು ನೋಡೇ ಇಲ್ಲ. ಹಾಸ್ಟೆಲ್ಲಿನ ಅರ್ಜಿ ತಂದೀರೇನು?

ಅಕ್ಕೋರು: ತಂದೀನಿ. ತುಂಬಿ ಸಹಿ ಮಾಡ್ರಿ. ಆದ್ರ ಅರ್ಜಿ ಕೊಟ್ಟು ಸುಮ್ಮನ ಕುಂದರಬ್ಯಾಡ್ರಿ ಅಣ್ಣಾರ. ನೇಕಾರರ ಸಂಘದಾಗ ನಿಮ್ಮ ಮಾತಿಗೆ ಬೆಲಿ ಐತಿ. ಶಾಸಕರು ಮನಿ ಮುಂದ ಬಂದಾಗ ರಸ್ತಾ, ನೀರು ಕೇಳತೀರಲ್ಲ, ಅದರ ಜೋಡಿ ಇಳಕಲ್ಲಿಗೊಂದು, ಹುನಗುಂದಕ್ಕೊಂದು ಕಬಡ್ಡಿ ಮ್ಯಾಟ್ ಕೇಳ್ರಿ, ಹುಡುಗ್ಯಾರಿಗೆ ಬಟ್ಟಿ ಬದಲಸೋ ಕೋಣಿ ಕೇಳ್ರಿ. ಕಬಡ್ಡಿ ಸಂಸ್ಥೆಯವರಿಗೆ ಪತ್ರ ಬರೀರಿ. ಗಂಡಸರ ಲೀಗ್ 2014ರಿಂದ ನಡದೈತಿ, ಹೆಣ್ಣುಮಕ್ಕಳ ಲೀಗ್ 2016ರಾಗ ಒಂದ ಸೀಜನ್ನಿಗೆ ಯಾಕ ನಿಂತಿತು, ಅದನ್ನ ತಿರುಗಿ ಯಾವಾಗ ನಡಸ್ತೀರಿ ಅಂತ ಕೇಳ್ರಿ. ನಾವು ಟೀಚರ್‌ಗಳು ಕೇಳಿದ್ರ ಅದು ಕಡತಕ್ಕ ಹೋಗತೈತಿ. ನೂರು ಮಂದಿ ತಂದೆ-ತಾಯಿ ಕೇಳಿದ್ರ ಉತ್ತರ ಕೊಡಲೇಬೇಕಾಗತೈತಿ.